ಕಂಬದ ನೆರಳು

ಟೈರಂಗಡಿ ಸ್ಟಾಪಿನಲ್ಲಿ ಆರೇಳು ಜನ
ಒಬ್ಬರ ಬೆನ್ನಿಗೊಬ್ಬರು, ನೆಟ್ಟಗೆ,
ಶಾಲೆ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ.
ಶಿಸ್ತಲ್ಲ. ಕರೆಂಟು ಕಂಬದ ನೆರಳು ಇರುವುದೇ ಅಷ್ಟಗಲ.

ಹನ್ನೊಂದು ವರ್ಷದಿಂದ ಈ ಬಸ್ಸು ನನ್ನದು,
ಲಾಸ್ ಏಂಜಲಿಸಿನ ತಗ್ಗಿನಿಂದ ಗುಡ್ಡದವರೆಗೆ.
ವಾಚು ಕಟ್ಟುವುದು ಬಿಟ್ಟಿದ್ದೇನೆ.
ಜನ ಟೈರಿನ ರಾಶಿಯ ಕಡೆ ಸಾಲು ನಿಂತರೆ ಬೆಳಿಗ್ಗೆ ಎಂಟು,
ಲಾಂಡ್ರಿಯ ಗೋಡೆಯ ಕಡೆ ತಿರುಗಿದರೆ ಸಂಜೆ ನಾಲ್ಕು.
ನಡುಹಗಲು ನೆರಳು ಬುಡಕ್ಕೆ ಮುದುರಿಕೊಂಡಾಗ
ಅಲ್ಲಿ ಒಬ್ಬರಿಗಷ್ಟೇ ಜಾಗ.
ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ,
ಮಂಗಳವಾರ, ಗುರುವಾರ, ಶನಿವಾರ
ಡಯಾಲಿಸಿಸ್ಸಿಗೆ ಹೋಗುವ ಪರ್ನೆಲ್ ಅಲ್ಲಿ ನಿಲ್ಲುತ್ತಾರೆ.
ಉಳಿದವರು ಬಿಸಿಲಲ್ಲಿ,
ಬೇರೆಲ್ಲೋ ನೋಡುತ್ತಾ.

ಮರ ಇಲ್ಲವೆಂದಲ್ಲ. ಎರಡು ತಾಳೆಗಳಿವೆ.
ಎಪ್ಪತ್ತಡಿ ಮೇಲೆ ತಲೆ ಕೆದರಿಕೊಂಡು
ಪಿಕ್ಚರ್ ಪೋಸ್ಟ್‌ಕಾರ್ಡಿಗೆಂದೇ ನಿಂತಿವೆ;
ನೆರಳು ಮಾತ್ರ ಆಚೆ ಬೀದಿಯ ಪಾರ್ಕಿಂಗಿನಲ್ಲಿ,
ಯಾರದೋ ಕಾರಿನ ಮೇಲೆ.

ಎರಡು ವರ್ಷದ ಹಿಂದೆ ನಗರದವರು ಬಂದು
ಕಾಂಕ್ರೀಟನ್ನು ಚೌಕವಾಗಿ ಕೊರೆದು ಒಂದು ಸಸಿ ನೆಟ್ಟರು.
ಫೋಟೋ ತೆಗೆದರು. ನೀರಿನ ಲಾರಿ ಎರಡು ಸಲ ಬಂತು,
ಆಮೇಲೆ ಅದಕ್ಕೂ ದಾರಿ ತಪ್ಪಿತು.
ಸಸಿ ಹೋಯಿತು, ಆಸರೆಗೆ ಹೂತಿದ್ದ ಕೋಲು ಉಳಿಯಿತು.
ಈಗ ಅದಕ್ಕೂ ಒಂದು ನೆರಳಿದೆ, ಎರಡು ಬೆರಳಗಲ:
ಪರ್ನೆಲ್‌ರ ಮೊಮ್ಮಗ ಇಸ್ಮಾಯೆಲ್
ತನ್ನ ಐಸ್‌ಕ್ರೀಮನ್ನು ಅದರೊಳಗೆ ಹಿಡಿಯುತ್ತಾನೆ.

ಬಸ್ಸು ಹೊರಟರೆ ನಲವತ್ತು ನಿಮಿಷ.
ಮೊದಲ ಅರ್ಧ ಸ್ಟೀರಿಂಗು ಕಾದ ಹೆಂಚು.
ಫ್ರೀವೇ ಕೆಳಗೆ ನುಸುಳಿ, ಬಲಕ್ಕೆ ಹೊರಳಿ, ಏರು ಶುರುವಾದ ಮೇಲೆ
ಒಂದು ಜಕರಾಂಡ, ಒಂಟಿ,
ಕರೆಯದ ಮದುವೆಗೆ ಬಂದ ಹಾಗೆ.
ಆಮೇಲೆ ನಾಲ್ಕು. ಆಮೇಲೆ ಲೆಕ್ಕ ತಪ್ಪುತ್ತದೆ.
ಸಿಕಮೋರುಗಳು ಎರಡೂ ಬದಿಯಿಂದ ಬಾಗಿ
ರಸ್ತೆಯ ಮೇಲೆ ಬೆರಳು ಹೆಣೆದುಕೊಂಡಿವೆ.
ಹಿಂದಿನ ಸೀಟಿನಲ್ಲಿ ಯಾರೋ ಉಸ್ಸಪ್ಪಾ ಎನ್ನುತ್ತಾರೆ,
ಸ್ಪ್ಯಾನಿಷ್ಷಿನಲ್ಲೋ, ಕೊರಿಯನ್ನಿನಲ್ಲೋ. ಅರ್ಥವಾಗುತ್ತದೆ.
ಡ್ಯಾಶ್‌ಬೋರ್ಡಿನಲ್ಲಿ ಹನ್ನೊಂದು ಡಿಗ್ರಿ ಇಳಿದಿರುತ್ತದೆ.
ಅದೇ ನಗರ. ಅದೇ ಸೂರ್ಯ. ಅದೇ ಟಿಕೆಟ್ಟು.

ಗುಡ್ಡದ ಮೇಲೆ ಇಳಿಯುವವರೆಲ್ಲ
ಇನ್ನೊಬ್ಬರ ಮನೆ ಒರೆಸುವವರು.
ಒಟಿಲಿಯಾ ಹೇಳುತ್ತಾಳೆ: ಅಲ್ಲಿ ಮರಕ್ಕೂ ಡಾಕ್ಟರಿದ್ದಾನೆ,
ವರ್ಷಕ್ಕೆರಡು ಸಲ ಬಂದು ಬಡಿದು, ಕಿವಿಗೊಟ್ಟು ನೋಡುತ್ತಾನೆ,
ನನ್ನ ಮೊಣಕಾಲಿಗೆ ಅಷ್ಟು ಹೊತ್ತು ಯಾರೂ ಕೊಟ್ಟಿಲ್ಲ.
ಕೆಲಸ ಮುಗಿದ ಮೇಲೆ ಒಂದು ಬಸ್ಸನ್ನು ಬೇಕೆಂದೇ ಬಿಟ್ಟು
ಸಿಕಮೋರಿನ ಕೆಳಗಿನ ಮೋಟುಗೋಡೆಯ ಮೇಲೆ
ಚಪ್ಪಲಿ ಕಳಚಿ ಕೂರುತ್ತಾಳೆ.
ಒಮ್ಮೆ ಒಬ್ಬ ಕಾರು ನಿಲ್ಲಿಸಿ, ಬಹಳ ಮರ್ಯಾದೆಯಿಂದ,
ಏನಾದರೂ ಬೇಕಿತ್ತೇ ಎಂದು ಕೇಳಿದನಂತೆ.
ಇವಳು ಮೇಲೆ ಕೈ ತೋರಿಸಿದಳಂತೆ.
ಅವನು ಹಕ್ಕಿ ಹುಡುಕಿದನಂತೆ.

ಅನ್ನದ ಋಣ ಅನ್ನುತ್ತಾರೆ, ನೀರಿನ ಋಣ ಅನ್ನುತ್ತಾರೆ.
ನೆರಳಿನದ್ದು ಯಾರ ಹೆಸರಿಗೆ ಬರೆದಿದೆಯೋ,
ತಗ್ಗಿನವರು ಪಡೆದು ಬಂದಿದ್ದು ಒಂದು ಕಂಬ.

ಮೊನ್ನೆ ಡಿಪೋದಿಂದ ಚೀಟಿ ಬಂತು.
ವೆರ್ನೆಟ್, ನಿನ್ನ ಮೇಲೆ ದೂರಿದೆ.
ಟೈರಂಗಡಿಯಲ್ಲಿ ಬೆಳಿಗ್ಗೆ ಗುರುತಿಗಿಂತ ಹಿಂದೆ ನಿಲ್ಲಿಸುತ್ತೀಯ,
ಸಂಜೆ ಹದಿನಾಲ್ಕು ಅಡಿ ಮುಂದೆ.
ಕಾರಣ ತಿಳಿಸು.
ಕೆಳಗೆ ಒಂದೇ ಗೆರೆಯಷ್ಟು ಜಾಗ ಬಿಟ್ಟಿದ್ದರು.

ಪೆನ್ನು ಹುಡುಕಿ, ಊಟದ ಹೊತ್ತಿನಲ್ಲಿ, ನೀಟಾಗಿ ಬರೆದೆ:
ಈ ಸ್ಟಾಪು
ನಿಂತಲ್ಲಿ ನಿಲ್ಲುವುದಿಲ್ಲ.